ನಂಬಿಕೆ ಅಲುಗಿದವನು ದೈವದ ಮುಂದೆ ನಿಲ್ಲಬಹುದೇ?

ಪ್ರಶ್ನೆ: ನನಗೆ 41 ವರ್ಷ. ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಬಿಜೈಯಲ್ಲಿ ಫ್ಲ್ಯಾಟು. ನಮ್ಮ ತರವಾಡು ಮನೆ, ಅಂದರೆ ತಾಯಿಯ ಕಡೆಯ ಮೂಲಮನೆ, ಕಾಪುವಿನ ಹತ್ತಿರ. ಅಲ್ಲಿ ಮನೆತನದ ದೈವಕ್ಕೆ ವರ್ಷಕ್ಕೊಮ್ಮೆ ತಂಬಿಲದ ಪೂಜೆ, ಎರಡು ವರ್ಷಕ್ಕೊಮ್ಮೆ ದೈವ ಮೈಮೇಲೆ ಬಂದು ಕುಣಿದು ನುಡಿ ಕೊಡುವ ಕೋಲ. ಇಷ್ಟು ವರ್ಷ ಸೋದರಮಾವ ಯಜಮಾನರಾಗಿ ನಿಂತು ನಡೆಸಿಕೊಂಡು ಬಂದರು. ಈಗ ಅವರಿಗೆ ಎಂಬತ್ತರ ಹತ್ತಿರ, ಮುಂದಿನ ಕೋಲಕ್ಕೆ ನೀನೇ ನಿಲ್ಲಬೇಕು ಅನ್ನುತ್ತಾರೆ. ಕಾಲೇಜಿನ ದಿನಗಳಲ್ಲೇ ನನಗೆ ಇದರ ಮೇಲಿನ ನಂಬಿಕೆ ಹೋಗಿದೆ. ಆದರೆ ದೈವದ ಕಾಲಿಗೆ ಕಟ್ಟುವ ಗಗ್ಗರದ ಸದ್ದು ಕೇಳಿದರೆ ಈಗಲೂ ಮೈ ಜುಂ ಅನ್ನುತ್ತದೆ. ಹೋದ ವರ್ಷ ಮಾವನಿಗೆ ‘ನನ್ನಿಂದ ಆಗುವುದಿಲ್ಲ’ ಎಂದ ಎರಡೇ ತಿಂಗಳಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಜೋಯಿಸರಲ್ಲಿ ಬಲಿಮೆ ಕೇಳಿದಾಗ ದೈವದ ಮುನಿಸು ಎಂದು ಕಂಡುಬಂತು. ಕಾಕತಾಳೀಯ ಎಂದು ಬುದ್ಧಿಗೆ ಗೊತ್ತು. ರಾತ್ರಿ ನಿದ್ದೆ ಮಾತ್ರ ಬರುವುದಿಲ್ಲ. ‘ನಂಬದೆ ಕೈಮುಗಿದರೆ ಅದು ನಾಟಕ ಅಲ್ವಾ ಮಾವ’ ಎಂದು ಕೇಳಿದೆ. ‘ನಂಬು ಅಂತ ನಿನಗೆ ಯಾರು ಹೇಳಿದ್ದು? ನಿಲ್ಲು ಅಂತ ಹೇಳಿದ್ದು’ ಎಂದರು. ಗೆಳೆಯರು ‘ಸಂಸ್ಕೃತಿ ಅಂತ ಮಾಡಿಬಿಡು, ಮುಗೀತು’ ಅನ್ನುತ್ತಾರೆ. ಕೋಲ ಕಟ್ಟಲು ಮುಖಕ್ಕೆ ಹಳದಿ ಅರದಾಳ ಹಚ್ಚಿಕೊಂಡು ಚಹಾ ಕುಡಿಯುತ್ತಾ ಕೂತಿದ್ದವರನ್ನು ನೋಡಿ ನನ್ನ ಒಂಬತ್ತು ವರ್ಷದ ಮಗಳು ‘ಅದು ದೈವವಾ, ಆ ಅಜ್ಜನಾ?’ ಎಂದು ಕೇಳಿದಳು. ಉತ್ತರ ಹೊಳೆಯಲಿಲ್ಲ. ಚಾರ್ಲ್ಸ್ ಟೇಲರ್ ಎಂಬ ತತ್ತ್ವಜ್ಞಾನಿ ಇಂಥದ್ದನ್ನೇ ಬರೆದಿದ್ದಾರೆ ಎಂದು ಯಾರೋ ಹೇಳಿದರು. ದಪ್ಪ ಪುಸ್ತಕ ತೆರೆದು ಐವತ್ತು ಪುಟಕ್ಕೆ ಕೈಬಿಟ್ಟೆ. ಅವರು ಹೇಳುವುದೇನು? ನಾನು ಏನು ಮಾಡಲಿ? ಅವರನ್ನು ಎಲ್ಲಿಂದ ಓದಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಸಂಕಟಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಅಮ್ಮನಿಗೆ ಹೀಗಾದದ್ದು ನನ್ನಿಂದಲೋ ಎಂಬ ಭಯ, ನಂಬದೆ ನಿಂತರೆ ನಾನು ಕಪಟಿಯೋ ಎಂಬ ಅಳುಕು, ಮಗಳಿಗೆ ಏನು ಹೇಳಲಿ ಎಂಬ ಚಿಂತೆ. ತತ್ತ್ವಶಾಸ್ತ್ರ ಪಾಠ ಮಾಡಿದ ಅಷ್ಟೂ ವರ್ಷ ಈ ಊರಿನ ವಿದ್ಯಾರ್ಥಿಗಳು ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ನೀವು ಒಬ್ಬರೇ ಎಂದುಕೊಳ್ಳಬೇಡಿ.

ಮೊದಲು ಅಮ್ಮನ ವಿಷಯ. ಪಾರ್ಶ್ವವಾಯುವಿಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯ ಬಡಿತದ ಏರುಪೇರು, ವಯಸ್ಸು ಇವೆಲ್ಲ ಕಾರಣ. ನೀವು ಮಾವನಿಗೆ ಆಡಿದ ಮಾತು ಆ ಪಟ್ಟಿಯಲ್ಲಿ ಇಲ್ಲ. ಔಷಧಿ, ಫಿಸಿಯೋಥೆರಪಿ ಒಂದು ದಿನವೂ ತಪ್ಪಬಾರದು. ಅಮ್ಮನಿಗೇ ಸಮಾಧಾನ ಬೇಕಿದ್ದರೆ ಅವರ ಹೆಸರಿನಲ್ಲಿ ತಪ್ಪುಕಾಣಿಕೆ ಇಡಿ. ಅದಕ್ಕೆ ನಮ್ಮ ಕ್ರಮದಲ್ಲೇ ದಾರಿ ಇದೆ, ಅದರಿಂದ ಯಾರಿಗೂ ನಷ್ಟವಿಲ್ಲ. ಆದರೆ ಅಮ್ಮ ಹುಷಾರಾಗಲಿ ಎಂದು ಯಜಮಾನಿಕೆ ಒಪ್ಪಿಕೊಳ್ಳಬೇಡಿ. ಹಾಗೆ ಒಪ್ಪಿಕೊಂಡರೆ, ಅವರ ಕೈ ಸರಿಹೋಗದ ಪ್ರತಿ ತಿಂಗಳೂ ನೀವು ದೈವದ ಮೇಲೆ ಸಿಟ್ಟಾಗುತ್ತೀರಿ, ಇಲ್ಲವೇ ನಿಮ್ಮ ಮೇಲೆ.

ಕಾಕತಾಳೀಯ ಎಂದು ಗೊತ್ತಿದ್ದೂ ನಿದ್ದೆ ಯಾಕೆ ಬರುವುದಿಲ್ಲ? ಟೇಲರ್ ಅವರ ಅತ್ಯಂತ ಉಪಯುಕ್ತ ವಿಚಾರ ಇಲ್ಲೇ ಸಿಗುತ್ತದೆ. ಮೊದಲು ಅವರು ಯಾರೆಂದು ಚುಟುಕಾಗಿ ಹೇಳುತ್ತೇನೆ. 1931ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹುಟ್ಟಿದವರು. ಅಪ್ಪ ಇಂಗ್ಲಿಷ್ ಆಡುವ ಪ್ರಾಟೆಸ್ಟಂಟ್, ಅಮ್ಮ ಫ್ರೆಂಚ್ ಆಡುವ ಕ್ಯಾಥೊಲಿಕ್. ಮನೆಯೊಳಗೆ ತುಳು, ಗೇಟಿನ ಹೊರಗೆ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಎಂದು ಬೆಳೆದ ನಮ್ಮ ಕಡೆಯವರಿಗೆ ಅಂಥ ಮನೆ ಅಪರಿಚಿತವಲ್ಲ. ಅವರ ಪ್ರಾಂತ್ಯವಾದ ಕ್ವೆಬೆಕ್‌ನಲ್ಲಿ ಶಾಲೆ, ಆಸ್ಪತ್ರೆ ಎಲ್ಲವೂ ಚರ್ಚಿನ ಕೈಯಲ್ಲಿದ್ದವು. 1960ರ ದಶಕದಲ್ಲಿ ಆ ಹಿಡಿತ ಕೆಲವೇ ವರ್ಷಗಳಲ್ಲಿ ಕಳಚಿಬಿತ್ತು. ಅದನ್ನು ಕಣ್ಣಾರೆ ಕಂಡ ಈ ಮನುಷ್ಯ 2007ರಲ್ಲಿ ‘ಎ ಸೆಕ್ಯುಲರ್ ಏಜ್’ ಎಂಬ, ಒಂಬೈನೂರು ಪುಟಕ್ಕೆ ಸಮೀಪದ ಗ್ರಂಥ ಬರೆದರು. ನೀವು ಐವತ್ತು ಪುಟಕ್ಕೆ ಬಿಟ್ಟದ್ದು ಅದೇ ಇರಬೇಕು.

ಅವರು ಎತ್ತುವ ಪ್ರಶ್ನೆ ಇದು: 1500ರ ಹೊತ್ತಿಗೆ ಪಶ್ಚಿಮದ ಸಮಾಜದಲ್ಲಿ ದೇವರನ್ನು ನಂಬದೆ ಇರುವುದೇ ಹೆಚ್ಚುಕಡಿಮೆ ಅಸಾಧ್ಯವಾಗಿತ್ತು; 2000ಕ್ಕೆ ಬರುವಾಗ ಅದು ಇಷ್ಟು ಸುಲಭ ಆದದ್ದು ಹೇಗೆ? ವಿಜ್ಞಾನ ಬಂತು, ಮೂಢನಂಬಿಕೆ ಉದುರಿತು, ಶುದ್ಧ ಮನುಷ್ಯ ಉಳಿದ ಎಂಬ ಮಾಮೂಲಿ ಉತ್ತರವನ್ನು ಅವರು ಒಪ್ಪುವುದಿಲ್ಲ. ಉದುರಿ ಉಳಿದದ್ದಲ್ಲ, ಹೊಸ ಬಗೆಯ ಮನುಷ್ಯನನ್ನು ಶತಮಾನಗಳ ಕಾಲ ಕಟ್ಟಲಾಯಿತು ಎನ್ನುತ್ತಾರೆ. ಹಳೆಯ ಲೋಕದ ಮನಸ್ಸಿನ ಬಾಗಿಲು ತೆರೆದೇ ಇತ್ತು. ಶಕ್ತಿಗಳು ಮರದಲ್ಲಿ, ಕಲ್ಲಿನಲ್ಲಿ, ಸಂತರ ಅವಶೇಷಗಳಲ್ಲಿ ಇದ್ದವು. ಒಳ್ಳೆಯದೂ ಕೆಟ್ಟದ್ದೂ ನೇರ ಒಳಗೆ ಬರಬಹುದಿತ್ತು. ಆಧುನಿಕ ಮನಸ್ಸು ಗೋಡೆ ಕಟ್ಟಿಕೊಂಡಿದೆ. ಅದರ ಪ್ರಕಾರ ಅರ್ಥ, ಭಯ, ಪ್ರೀತಿ ಎಲ್ಲ ಇರುವುದು ನನ್ನ ತಲೆಯೊಳಗೆ, ಹೊರಗೆ ಇರುವುದು ಬರೀ ವಸ್ತು. ಟೇಲರ್ ಕೊಡುವ ಉದಾಹರಣೆ ನೋಡಿ. ಮನಸ್ಸು ಕುಗ್ಗಿದವನಿಗೆ ಇಂದು ‘ಇದು ದೇಹದ ರಸಾಯನದ ಆಟ’ ಎಂದರೆ ಹಗುರ ಅನಿಸುತ್ತದೆ, ಆ ದುಃಖದಿಂದ ಒಂದು ಹೆಜ್ಜೆ ದೂರ ನಿಲ್ಲಲು ಸಾಧ್ಯವಾಗುತ್ತದೆ. ಕರಿಪಿತ್ತವೇ ವಿಷಾದ ಎಂದು ತಿಳಿದಿದ್ದ ಹಳೆಯ ಕಾಲದವನಿಗೆ ‘ಇದು ಕರಿಪಿತ್ತ’ ಎಂದರೆ ಅಂಥ ಬಿಡುಗಡೆ ಇಲ್ಲ. ಅವನು ಅದರ ಹಿಡಿತದಲ್ಲೇ ಇದ್ದಾನೆ ಎಂದಷ್ಟೇ ಗೊತ್ತಾಯಿತು.

ನಿಮ್ಮ ವಿಷಯಕ್ಕೆ ಬಂದರೆ, ಬಿಜೈಯ ಫ್ಲ್ಯಾಟಿನಲ್ಲಿ ನಿಮ್ಮದು ಗೋಡೆಯ ಮನಸ್ಸು. ಕಾಪುವಿನ ಅಂಗಳದಲ್ಲಿ ಬಾಗಿಲು ಈಗಲೂ ಪೂರ್ತಿ ಮುಚ್ಚಿಲ್ಲ. ಭೂತದ ಸಿನಿಮಾ ನೋಡಿದಾಗಲೂ ಮೈ ಜುಂ ಅನ್ನುತ್ತದೆ, ಆದರೆ ಥಿಯೇಟರಿನಿಂದ ಹೊರಬಂದ ಮೇಲೆ ಅದು ಅಮ್ಮನ ಹಾಸಿಗೆವರೆಗೆ ಹಿಂಬಾಲಿಸುವುದಿಲ್ಲ. ನಿಮ್ಮದು ಹಿಂಬಾಲಿಸಿದೆ. ಅದನ್ನು ದೌರ್ಬಲ್ಯ ಎನ್ನಲಾರೆ. ನಂಬುವವನಿಗೂ ನಂಬದವನಿಗೂ ಈ ಕಾಲದಲ್ಲಿ ಎರಡೂ ಕಡೆಯಿಂದ ಎಳೆತ ಇದ್ದೇ ಇರುತ್ತದೆ ಎಂಬುದು ಟೇಲರ್ ಅವರ ಮುಖ್ಯ ಮಾತುಗಳಲ್ಲಿ ಒಂದು. ನಿಮ್ಮ ಮೆಟ್ಟಿಲಲ್ಲೇ ನೋಡಿ: ಒಂದು ಬಾಗಿಲಿನವರು ಭಾನುವಾರ ಪೂಜೆಗೆ ಇಗರ್ಜಿಗೆ ಹೋಗುತ್ತಾರೆ, ಇನ್ನೊಂದು ಮನೆಯಲ್ಲಿ ನಮಾಜು, ಮತ್ತೊಬ್ಬರಿಗೆ ಯಾವುದೂ ಬೇಡ. ಎಲ್ಲರೂ ನಿಮ್ಮಷ್ಟೇ ಒಳ್ಳೆಯವರು. ಇದನ್ನು ದಿನಾ ನೋಡುವವನಿಗೆ ತನ್ನ ದಾರಿ ಹಲವು ದಾರಿಗಳಲ್ಲಿ ಒಂದು ಎಂದು ಗೊತ್ತಾಗಿಬಿಟ್ಟಿರುತ್ತದೆ. ಸೆಕ್ಯುಲರ್ ಕಾಲ ಎಂದರೆ ಟೇಲರ್‌ಗೆ ಮುಖ್ಯವಾಗಿ ಇದೇ. ಗುಡಿ ಖಾಲಿಯಾಗುವುದು ಅದರ ಲಕ್ಷಣ ಆಗಬೇಕೆಂದಿಲ್ಲ. ನಮ್ಮ ಕರಾವಳಿಯಲ್ಲಂತೂ ದೈವಸ್ಥಾನಗಳಿಗೆ ಹೊಸ ಮಾಡು, ಹೊಸ ಲೈಟು ಬರುತ್ತಲೇ ಇವೆ.

ಇನ್ನು ಕಪಟದ ಪ್ರಶ್ನೆ. ನಿಮ್ಮ ಮಾವ ಆಡಿದ ‘ನಿಲ್ಲು’ ಎಂಬ ಮಾತನ್ನು ನೀವು ಜಾರಿಕೆಯ ಉತ್ತರ ಎಂದುಕೊಂಡಿರಬಹುದು. ನನಗೆ ಅದು ಇಡೀ ಪತ್ರದಲ್ಲೇ ಅತ್ಯಂತ ತೂಕದ ಮಾತು. ಹಳೆಯ ಧರ್ಮಗಳಲ್ಲಿ ಮನುಷ್ಯ ಮೂರು ರೀತಿಯಲ್ಲಿ ಹುದುಗಿದ್ದ ಎನ್ನುತ್ತಾರೆ ಟೇಲರ್: ತನ್ನ ಕುಲ ಮತ್ತು ಊರಿನಲ್ಲಿ, ಸುತ್ತಲಿನ ಪ್ರಕೃತಿಯಲ್ಲಿ, ಮತ್ತು ಬೆಳೆ, ಮಳೆ, ಮಕ್ಕಳು, ಆರೋಗ್ಯ ಎಂಬ ಈ ಲೋಕದ ಒಳಿತಿನಲ್ಲಿ. ದೇವತೆಯ ಮುಂದೆ ನಿಲ್ಲುತ್ತಿದ್ದದ್ದು ಒಬ್ಬ ವ್ಯಕ್ತಿ ಅಲ್ಲ, ಇಡೀ ಗುಂಪು. ‘ನೀನು ಒಳಗಿನಿಂದ ನಂಬುತ್ತೀಯಾ’ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಇಷ್ಟು ಬಲ ಬಂದದ್ದು ಯುರೋಪಿನಲ್ಲಿ ಚರ್ಚಿನ ಸುಧಾರಣೆಗಳು ಪ್ರತಿಯೊಬ್ಬನ ಒಳಗಿನ ಶ್ರದ್ಧೆಯನ್ನು ತೂಗಲು ಶುರು ಮಾಡಿದ ಮೇಲೆ. ತನ್ನ ಕಥೆ ಪಶ್ಚಿಮದ ಕ್ರೈಸ್ತ ಲೋಕದ್ದು ಮಾತ್ರ ಎಂದು ಟೇಲರ್ ಸ್ಪಷ್ಟವಾಗಿ ಹೇಳುತ್ತಾರೆ, ಹಾಗಾಗಿ ನೇರ ತಂದು ಇಲ್ಲಿ ಅಂಟಿಸುವಂತಿಲ್ಲ. ಆದರೂ ನಮ್ಮ ಊರಿಗೆ ಆ ಪ್ರಶ್ನೆ ಬಂದ ದಾರಿಯನ್ನು ಸ್ವಲ್ಪ ಗುರುತಿಸಬಹುದು. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಆ ಪಾದ್ರಿಗಳು ಮುದ್ರಣಾಲಯ, ಹೆಂಚಿನ ಕಾರ್ಖಾನೆ, ಶಾಲೆ ತಂದರು, ದೈವಗಳ ಕಥೆ ಹೇಳುವ ತುಳು ಹಾಡುಗಳಾದ ಪಾಡ್ದನಗಳನ್ನೂ ಸಂಗ್ರಹಿಸಿ ಅಚ್ಚು ಹಾಕಿದರು. ಜೊತೆಗೆ, ನೀನು ಒಳಗಿನಿಂದ ಯಾರನ್ನು ನಂಬುತ್ತೀ ಎಂಬ ಕೇಳ್ವಿಯನ್ನೂ ತಂದರು. ಅನಂತರ ಬಂದ ಸುಧಾರಕರು, ವಿಜ್ಞಾನದ ಮೇಷ್ಟ್ರುಗಳು ಅದನ್ನೇ ಬೇರೆ ದನಿಯಲ್ಲಿ ಕೇಳಿದರು ಎಂಬುದು ನನ್ನ ಅಭಿಪ್ರಾಯ. ನೀವು ಮಾವನಿಗೆ ಕೇಳಿದ್ದು ಆ ಸಾಲಿನ ಪ್ರಶ್ನೆ. ಅವರು ಉತ್ತರಿಸಿದ್ದು ಅದಕ್ಕೂ ಹಳೆಯ ಲೋಕದಿಂದ.

ನಿಲ್ಲುವುದು ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಿ. ನಡುರಾತ್ರಿ ಕಳೆದಿರುತ್ತದೆ. ತೆಂಗಿನ ಎಳೆಗರಿಯ ಸಿರಿ ಉಟ್ಟು, ಗಗ್ಗರ ಕಟ್ಟಿ, ಬೆನ್ನಿಗೆ ಎತ್ತರದ ಅಣಿ ಹೊತ್ತು ದೈವ ಅಂಗಳಕ್ಕೆ ಇಳಿದಿರುತ್ತದೆ. ಕುಟುಂಬದ ಗಂಡಸರು ಹಿಂಗಾರದ ಎಸಳು ಹಿಡಿದು ಸಾಲಾಗಿ ನಿಂತಿರುತ್ತಾರೆ. ಹಿರಿಯರೊಬ್ಬರು ದೈವಕ್ಕೆ ಅರಿಕೆ ಮಾಡುವ ಮದಿಪು ಹೇಳುತ್ತಾರೆ. ದೈವ ನುಡಿ ಕೊಡುವಾಗ ಯಜಮಾನನನ್ನು ಮುಂದೆ ಕರೆದು, ಈ ವರ್ಷ ಬಾರದೆ ಉಳಿದವರು ಯಾರು, ಯಾಕೆ ಎಂದು ಕೇಳುತ್ತದೆ. ಜಾಗದ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಪಕ್ಕಪಕ್ಕ ನಿಲ್ಲಿಸಿ ಇಬ್ಬರ ಕೈಗೂ ಒಂದೇ ಎಲೆಯಿಂದ ಗಂಧ ಹಾಕುವುದನ್ನು ನಾನು ನೋಡಿದ್ದೇನೆ. ವಕೀಲರ ಆಫೀಸಿನಲ್ಲಿ ಮುಖ ಕೊಟ್ಟು ನೋಡದವರು ಅವರು. ತಾಯಿಯ ಕಡೆಯಿಂದ ಮನೆತನ ಸಾಗುವ ಅಳಿಯಕಟ್ಟಿನ ಕುಟುಂಬಗಳಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಳಿಕ ಆಸ್ತಿಯ ಲೆಕ್ಕವೇ ಬದಲಾಯಿತು, ಗದ್ದೆಗಳು ಪಾಲಾದವು. ತಾಯಿಯ ಕಡೆಯವರೆಲ್ಲ ಒಂದೇ ಕಡೆ ಸೇರಲು ಉಳಿದಿರುವ ಜಾಗ ಬಹಳ ಮನೆಗಳಲ್ಲಿ ದೈವದ ಚಾವಡಿ ಮಾತ್ರ. ಯಜಮಾನ ಅಲ್ಲಿ ನಿಲ್ಲುವುದು ತನ್ನ ನಂಬಿಕೆಯ ಪ್ರದರ್ಶನಕ್ಕಲ್ಲ. ಇಷ್ಟು ಜನರ ಪರವಾಗಿ ಮಾತು ಕೊಡಲು. ಅದು ನಾಟಕ ಆಗುವುದು, ಕೊಟ್ಟ ಮಾತನ್ನು ನಡೆಸುವ ಮನಸ್ಸು ನಿಮಗೆ ಇಲ್ಲದಿದ್ದರೆ.

ಟೇಲರ್ ಬಗ್ಗೆ ಎರಡು ತಪ್ಪು ತಿಳಿವಳಿಕೆ ಇವೆ, ಅವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಅವರು ಕ್ಯಾಥೊಲಿಕ್ ಶ್ರದ್ಧಾವಂತರು, ಆದ್ದರಿಂದ ಹಳೆಯದಕ್ಕೆ ಮರಳಿ ಎನ್ನುತ್ತಾರೆ ಎಂಬುದು ಒಂದು. ಹಾಗೆ ಅನ್ನುವುದಿಲ್ಲ. 1996ರ ಒಂದು ಉಪನ್ಯಾಸದಲ್ಲಿ ಅವರು, ಮನುಷ್ಯಹಕ್ಕಿನಂಥ ಎಷ್ಟೋ ಒಳಿತುಗಳು ಚರ್ಚಿನ ಆಳ್ವಿಕೆ ಮುರಿದ ಮೇಲೆಯೇ ಇಷ್ಟು ದೂರ ಬೆಳೆಯಲು ಸಾಧ್ಯವಾಯಿತು ಎಂದು ತಮ್ಮವರ ಎದುರೇ ಹೇಳಿದರು. ಇನ್ನೊಂದು, ‘ನಿನಗೆ ನೀನು ನಿಜವಾಗಿರು’ ಎಂಬ ಆದರ್ಶವನ್ನು ಅವರು ಸ್ವಾರ್ಥ ಎಂದು ತಳ್ಳಿಹಾಕುತ್ತಾರೆ ಎಂಬುದು. ಅದೂ ತಪ್ಪು. ಅದನ್ನು ಅವರು ಗಂಭೀರವಾದ ನೈತಿಕ ಆದರ್ಶವೆಂದೇ ಎತ್ತಿಹಿಡಿಯುತ್ತಾರೆ. ಅವರ ತಕರಾರು ಇಷ್ಟೇ: ನಾನು ಯಾರು ಎಂಬುದನ್ನು ಒಬ್ಬನೇ ಕೋಣೆಯಲ್ಲಿ ಕೂತು ಕಂಡುಕೊಳ್ಳಲು ಆಗುವುದಿಲ್ಲ. ನಮಗೆ ಮುಖ್ಯವಾದವರ ಜೊತೆ ಮಾತಾಡುತ್ತ, ಜಗಳಾಡುತ್ತ ನಾವು ನಾವಾಗುತ್ತೇವೆ, ಅವರು ತೀರಿಹೋದ ಮೇಲೂ ಒಳಗೊಳಗೆ ಆ ಮಾತು ನಡೆಯುತ್ತಲೇ ಇರುತ್ತದೆ. ನಿಮ್ಮ ಮಾವ ಅಂಥ ಒಬ್ಬರು. ಅವರಿಗೆ ‘ಹೂಂ’ ಎಂದರೂ ‘ಊಹೂಂ’ ಎಂದರೂ ನೀವು ಅವರೊಂದಿಗೇ ಮಾತಾಡುತ್ತಿರುತ್ತೀರಿ.

ಗೆಳೆಯರ ಸಲಹೆಗೆ ಬರೋಣ. ‘ಸಂಸ್ಕೃತಿ ಅಂತ ಮಾಡು’ ಎಂಬುದು ನಿಮ್ಮ ಮುಂದಿರುವ ಮೂರು ದಾರಿಗಳಲ್ಲಿ ಮೊದಲನೆಯದು. ಅದು ಅತ್ಯಂತ ಸುಲಭವಾಗಿ ಕಾಣುತ್ತದೆ, ನನಗೆ ಅದರ ಬಗ್ಗೆಯೇ ಹೆಚ್ಚು ಹೆದರಿಕೆ. ಕ್ವೆಬೆಕ್‌ನ ಶಾಸನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಮೇಲೆ 1936ರಲ್ಲಿ ಒಂದು ಶಿಲುಬೆ ತೂಗುಹಾಕಿದ್ದರು. ಟೇಲರ್ ಮತ್ತು ಸಮಾಜವಿಜ್ಞಾನಿ ಜೆರಾರ್ ಬುಶಾರ್ ನೇತೃತ್ವದ ಸರ್ಕಾರಿ ಆಯೋಗ 2008ರಲ್ಲಿ ಅದನ್ನು ಅಲ್ಲಿಂದ ತೆಗೆಯಿರಿ ಎಂದಿತು. ವರದಿ ಹೊರಬಿದ್ದ ದಿನವೇ ಸಭೆ ಒಮ್ಮತದಿಂದ ಅದನ್ನು ಉಳಿಸಿಕೊಂಡಿತು. ಚರ್ಚಿಗೆ ಹೋಗುವುದನ್ನು ಎಂದೋ ಬಿಟ್ಟಿದ್ದ ಸಮಾಜ ಅದು. ಉಳಿಸಿಕೊಂಡದ್ದು ನಮ್ಮ ಪರಂಪರೆ ಎಂದು. ಶಿಲುಬೆ ಕೆಳಗಿಳಿದದ್ದು 2019ರಲ್ಲಿ. ಶ್ರದ್ಧೆ ಇಂಗಿದ ಕಡೆ ಚಿಹ್ನೆ ಬಾವುಟವಾಗುವುದು ಹೀಗೆ. ಆಗ ಅದರ ಕೆಲಸ ನಮ್ಮವರು ಯಾರು, ಹೊರಗಿನವರು ಯಾರು ಎಂದು ಗೆರೆ ಎಳೆಯುವುದು ಮಾತ್ರ. ಮಂಗಳೂರಿನಲ್ಲಿ ಬದುಕುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಮಣ್ಣಿನ ನೆನಪು ಬೇರೆ ಇದೆ. ಮೂಲ್ಕಿಯ ಬಪ್ಪನಾಡು ಕ್ಷೇತ್ರದ ಮೂಲದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ಹೆಸರಿದೆ, ಜಾತ್ರೆಯಲ್ಲಿ ಆ ಮನೆತನಕ್ಕೆ ಪ್ರಸಾದ ಸಲ್ಲುವ ಕ್ರಮವಿದೆ. ಸಂಸ್ಕೃತಿ ಎಂದು ಮೊಬೈಲು ಎತ್ತಿ ವಿಡಿಯೋ ಮಾಡಿ ಸ್ಟೇಟಸ್ ಹಾಕುವವನಿಗೆ ಈ ಕಥೆಯ ಭಾರ ಹೊರಬೇಕಾದ ಅಗತ್ಯ ಬೀಳುವುದಿಲ್ಲ.

ಎರಡನೆಯ ದಾರಿ, ಮಾವ ಹೇಳಿದಂತೆ ನಿಲ್ಲುವುದು. ಒಪ್ಪುವುದಾದರೆ ಪೂರ್ತಿ ಜವಾಬ್ದಾರಿಯೊಂದಿಗೆ ಒಪ್ಪಿ, ಮತ್ತು ಇದರ ಅಪಾಯಗಳನ್ನು ತಿಳಿದಿರಿ. ನಾಳೆ ಕುಟುಂಬದ ಹುಡುಗಿಯೊಬ್ಬಳು ಬೇರೆ ಜಾತಿಯವನನ್ನು ಮದುವೆಯಾದರೆ, ಮುನಿಸು ಬಂದಿದೆ ಎಂದು ಹೆದರಿಸಲು ಕೆಲವರು ನಿಮ್ಮ ಬಾಯಿಯನ್ನೇ ಬಳಸಲು ನೋಡುತ್ತಾರೆ. ನಿಮಗೆ ಈಗ ಆಗಿರುವ ಭಯವನ್ನು ಇನ್ನೊಬ್ಬರಿಗೆ ದಾಟಿಸುವ ಅಧಿಕಾರ ಆ ಸ್ಥಾನಕ್ಕಿದೆ. ಖರ್ಚಿನ ಪೈಪೋಟಿಯೂ ಇದೆ. ಪಕ್ಕದ ಕುಟುಂಬಕ್ಕಿಂತ ದೊಡ್ಡ ಚಪ್ಪರ ಎಂದು ಸಾಲ ಮಾಡಿದ ಮನೆಗಳು ಗೊತ್ತು. ಎಲ್ಲಕ್ಕಿಂತ ದೊಡ್ಡದು ಇನ್ನೊಂದು. ರಾತ್ರಿ ಯಾರ ಕಾಲಿನ ಗಗ್ಗರಕ್ಕೆ ಇಡೀ ಊರು ಕೈಮುಗಿಯುತ್ತದೋ, ಬೆಳಿಗ್ಗೆ ದೈವ ಕಟ್ಟಿದ ಅದೇ ನಲಿಕೆ, ಪರವ, ಪಂಬದ ಜಾತಿಗಳ ಹಿರಿಯರನ್ನು ಎಷ್ಟೋ ಮನೆಗಳಲ್ಲಿ ಅಂಗಳದ ಅಂಚಿನಲ್ಲೇ ನಿಲ್ಲಿಸಿ ಕಳಿಸುತ್ತಾರೆ. ಇನ್ನೊಬ್ಬರನ್ನು ಗುರುತಿಸದೆ ಇರುವುದು ಅವರಿಗೆ ಮಾಡುವ ನಿಜವಾದ ಗಾಯ ಎಂದು ಟೇಲರ್ 1992ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಾದಿಸಿದರು. ನೀವು ಯಜಮಾನರಾದರೆ ಆ ಬೆಳಿಗ್ಗೆಯನ್ನು ಬದಲಿಸುವುದು ನಿಮ್ಮ ಕೈಯಲ್ಲಿದೆ: ಚಾವಡಿಯಲ್ಲಿ ಕೂರಿಸಿ ಜೊತೆಗೆ ಊಟ, ಮಾತಾಡಿದ ಸಂಭಾವನೆ ಕಾಯಿಸದೆ. ನಂಬಿಕೆಗಿಂತ ಮೊದಲು ಈ ಷರತ್ತುಗಳನ್ನು ಮಾವನ ಮುಂದೆ ಇಡಿ. ಅವರು ಇವಕ್ಕೆ ಒಪ್ಪದಿದ್ದರೆ, ನಿಮ್ಮ ‘ಆಗುವುದಿಲ್ಲ’ಕ್ಕೆ ಗಟ್ಟಿಯಾದ ಕಾರಣ ಸಿಕ್ಕಿದಂತಾಯಿತು.

ಮೂರನೆಯದು ದೂರ ಸರಿಯುವುದು. ಶ್ರದ್ಧೆ ಇರುವ ಅಣ್ಣತಮ್ಮಂದಿರು ಯಾರಾದರೂ ಇದ್ದರೆ ಅವರು ನಿಲ್ಲಲಿ, ನೀವು ಖರ್ಚಿನ ಪಾಲು ಕೊಟ್ಟು ಹಿಂದಿನ ಸಾಲಿನಲ್ಲಿರಿ. ಇದರಲ್ಲಿ ಅವಮಾನ ಏನೂ ಇಲ್ಲ. ಪೂರ್ತಿ ಬಿಡುವುದೂ ಗೌರವದ ದಾರಿಯೇ. ನಷ್ಟ ಮಾತ್ರ ಇದೆ ಎಂದು ಗೊತ್ತಿರಲಿ: ಸಾವು, ಮದುವೆಗಳಲ್ಲಿ ಮಾತ್ರ ನೆಂಟರ ಮುಖ ಕಾಣುವ ಬದುಕು, ಮಾವನ ಕೊನೆಯ ವರ್ಷಗಳಲ್ಲಿ ಒಂದು ಬಿಗಿತ. ಗೋಡೆಯ ಮನಸ್ಸಿಗೆ ಭಯ ಕಡಿಮೆ, ಆದರೆ ಎಲ್ಲವೂ ಚಪ್ಪಟೆಯಾಗಿ ಕಾಣುವ ಬೇಸರ ಅದರ ಬೆನ್ನಿಗೇ ಬರುತ್ತದೆ ಎಂದು ಟೇಲರ್ ಎಚ್ಚರಿಸುತ್ತಾರೆ. ಬಿಟ್ಟವರೆಲ್ಲ ಬರಿದಾಗುತ್ತಾರೆ ಎಂದು ಅವರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ನನ್ನನ್ನು ಕೇಳಿದರೆ ನಿಮಗೆ ಎರಡನೆಯದೇ ಹೊಂದುತ್ತದೆ, ಷರತ್ತುಗಳ ಸಮೇತ. ನಂಬಿಕೆ ಬಂದುಬಿಡಲಿ ಎಂಬ ಆಸೆಯಿಂದ ಹೀಗೆ ಹೇಳುತ್ತಿಲ್ಲ. ನೀವು ಇಷ್ಟು ವರ್ಷ ಬಿಟ್ಟೂ ಬಿಡದೆ ಈ ವಿಷಯದ ಜೊತೆ ಸೆಣಸಿದ್ದೀರಿ. ಭಯವನ್ನು ಬಳಸದ ಯಜಮಾನ ಒಬ್ಬ ನಿಮ್ಮ ಕುಟುಂಬಕ್ಕೆ ಸಿಕ್ಕರೆ ಒಳ್ಳೆಯದು. ಮೇ ಕೊನೆಯಲ್ಲಿ ಬರುವ ಪತ್ತನಾಜೆ ಕಳೆದರೆ ದೀಪಾವಳಿಯವರೆಗೆ ಕೋಲಗಳು ಇರುವುದಿಲ್ಲ. ಆ ಮಳೆಗಾಲದಲ್ಲಿ ಮಾವನ ಹತ್ತಿರ ಕೂತು ಕಟ್ಟುಕಟ್ಟಳೆಯನ್ನೂ ಮದಿಪಿನ ಮಾತುಗಳನ್ನೂ ಬರೆದಿಟ್ಟುಕೊಳ್ಳಿ. ಕೊನೆಗೆ ನಿಲ್ಲುವುದಿಲ್ಲ ಎಂದಾದರೂ ಆ ಬರಹ ಮುಂದೆ ನಿಲ್ಲುವವರಿಗೆ ಬೇಕಾಗುತ್ತದೆ.

ಮಗಳಿಗೆ ಗೊತ್ತಿರುವಷ್ಟನ್ನೇ ಹೇಳಿ. ‘ಚಹಾ ಕುಡಿಯುವಾಗ ಅವರು ಅಜ್ಜ. ಗಗ್ಗರ ಕಟ್ಟಿದ ಮೇಲೆ ದೈವವೇ ಮಾತಾಡುತ್ತದೆ ಎಂದು ನನ್ನ ಮಾವ, ನಿನ್ನ ಅಜ್ಜಿ ನಂಬುತ್ತಾರೆ. ನನಗೆ ಖಾತ್ರಿ ಇಲ್ಲ.’ ಒಂಬತ್ತರ ಮಕ್ಕಳಿಗೆ ಇದು ಅರ್ಥವಾಗುತ್ತದೆ, ಅಪ್ಪನಿಗೆ ಖಾತ್ರಿ ಇಲ್ಲ ಎಂಬುದರಿಂದ ಅವರು ಕಂಗೆಡುವುದಿಲ್ಲ. ಸಾಧ್ಯವಾದರೆ ಆ ಅಜ್ಜನ ಹತ್ತಿರವೇ ಕರೆದುಕೊಂಡು ಹೋಗಿ. ಕೋಲ ಕಟ್ಟಲು ಎಣ್ಣೆ, ವೀಳ್ಯ ಸ್ವೀಕರಿಸುವ ಎಣ್ಣೆಬೂಳ್ಯ ತೆಗೆದುಕೊಂಡಲ್ಲಿಂದ ಹಿಡಿಯುವ ವ್ರತ, ಮನೆಯ ಹೆಂಗಸರು ತೆಂಬರೆ ಎಂಬ ಪುಟ್ಟ ಚರ್ಮವಾದ್ಯ ಬಡಿದು ಹಾಡುವ ಪಾಡ್ದನ, ಮುಖದ ಒಂದೊಂದು ಗೆರೆ ಇದನ್ನೆಲ್ಲ ಅವರು ವಿವರಿಸಲಿ. ಅವಳ ಪ್ರಶ್ನೆಗೆ ಉತ್ತರ ಕೊಡುವ ಹಕ್ಕು ನಮಗಿಂತ ಅವರಿಗೆ ಹೆಚ್ಚು.

ಓದಿನ ವಿಷಯ: ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. 1991ರಲ್ಲಿ ಟೇಲರ್ ಕೆನಡಾದ ರೇಡಿಯೋಕ್ಕಾಗಿ ಕೊಟ್ಟ ಉಪನ್ಯಾಸಗಳು ‘ದಿ ಎಥಿಕ್ಸ್ ಆಫ್ ಆಥೆಂಟಿಸಿಟಿ’ ಎಂಬ ಹೆಸರಿನಲ್ಲಿ ಸಿಗುತ್ತವೆ. ಹತ್ತು ಸಣ್ಣ ಅಧ್ಯಾಯ, ಎರಡು ಭಾನುವಾರ ಸಾಕು. ಆಮೇಲೆ ‘ಎ ಸೆಕ್ಯುಲರ್ ಏಜ್’ ತೆರೆದು ಮೊದಲ ಅಧ್ಯಾಯ ಓದಿ, ಗೋಡೆ ಮತ್ತು ಬಾಗಿಲಿನ ವಿಚಾರ ಅಲ್ಲಿದೆ. ಮಾವನ ಮಾತು ಅರ್ಥವಾಗಬೇಕಿದ್ದರೆ ಮೂರನೆಯದು. ಎರಡೂ ಕಡೆಯ ಎಳೆತದ ಬಗ್ಗೆ ಹದಿನೈದು, ಹದಿನಾರು. ನಡುವಿನ ಯುರೋಪಿನ ಇತಿಹಾಸವನ್ನು ಸದ್ಯಕ್ಕೆ ಬಿಡಿ, ಬೇಕೆನಿಸಿದಾಗ ಹಿಂದಿರುಗಬಹುದು.